ಪೇಟೆಂಟಿಗೂ ಚಕ್ಕುಬಂದಿ ಬೇಕು



ಪೇಟೆಂಟು ಎಂದ ಕೂಡಲೆ ನಮ್ಮವರು ಅದು ಪೇಟೆಯವರ ವ್ಯವಹಾರ, ವಕೀಲರ ವ್ಯವಹಾರ ಅಂತ ಪುಟ ತಿರುವಿ ಹಾಕುತ್ತಾರೆ. ಆದರೆ ಪೇಟೆಂಟು ನಮ್ಮ ಮನೆಗೆ ಬರುವುದು ಕಾಗದದ ರೂಪದಲ್ಲಲ್ಲ, ಬೆಲೆಯ ರೂಪದಲ್ಲಿ. ಗೊಬ್ಬರದ ಅಂಗಡಿಯಲ್ಲಿ ಉದ್ದರಿ ಹೇಳಿ ತರುವ ಔಷಧದ ಬಾಟ್ಲಿಯಲ್ಲಿ, ಸೊಸೈಟಿ ಸಾಲದಲ್ಲಿ ತರುವ ಬೀಜದ ಪೊಟ್ಟಣದಲ್ಲಿ ಅದು ಕೂತಿರಬಹುದು. ಆ ಬೆಲೆಯಲ್ಲಿ ಎಷ್ಟು ಪಾಲು ಬೀಜದ್ದು, ಎಷ್ಟು ಪಾಲು ಪೇಟೆಂಟುದಾರನದ್ದು ಎಂದು ಪೊಟ್ಟಣದ ಮೇಲೆ ಬರೆದಿರುವುದಿಲ್ಲ. ಸಾಲ ಮಾತ್ರ ಪೂರ್ತಿ ನಮ್ಮ ಹೆಸರಿನಲ್ಲಿ.

ಈ ವಿಚಾರ ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. 1990ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಡಬ್ಲ್ಯು.ಆರ್. ಗ್ರೇಸ್ ಎಂಬ ಕಂಪನಿ ಬೆಂಗಳೂರಿನ ಪಿ.ಜೆ. ಮಾರ್ಗೊ ಕಂಪನಿಯ ಜೊತೆ ಸೇರಿ ತುಮಕೂರಿನಲ್ಲಿ ಬೇವಿನ ಬೀಜದ ಕಾರ್ಖಾನೆ ಹಾಕಿತು. ದಿನಕ್ಕೆ 20 ಟನ್ ಬೀಜ ಅರೆಯುವ ಕಾರ್ಖಾನೆ. ಬೇವಿನ ಬೀಜದಲ್ಲಿ ಹುಳ ಹೊಡೆಯುವ ಅಂಶಕ್ಕೆ ಅಜಾಡಿರಕ್ಟಿನ್ ಎಂದು ಹೆಸರು. ತೆಂಗಿಗೆ ನುಸಿ ಬಿದ್ದ ಕಾಲದಲ್ಲಿ ಬೇರಿಗೆ ಕಟ್ಟಿ ಉಣಿಸಿ ಎಂದು ಅಧಿಕಾರಿಗಳು ಹೇಳಿಕೊಟ್ಟರಲ್ಲ, ಅದೇ ಔಷಧ. ಗುಬ್ಬಿ, ಕುಣಿಗಲ್ಲಿನ ತೋಟದವರಿಗೆ ಆ ಹೆಸರು ಬಾಯಿಗೆ ಬರದಿದ್ದರೂ ಬಾಟ್ಲಿಯ ಗುರುತು ಇದೆ. ಆ ಅಂಶ ಬೇಗ ಕೆಡುತ್ತದೆ. ಬಹಳ ಕಾಲ ಕೆಡದಂತೆ ಇಡುವ ದ್ರಾವಣ ಕಂಡುಹಿಡಿದೆವು ಎಂದು ಹೇಳಿ 1992ರಲ್ಲಿ ಗ್ರೇಸ್ ಕಂಪನಿ ಅಮೆರಿಕದಲ್ಲಿ ಪೇಟೆಂಟು ಪಡೆದಿತ್ತು.

ಟನ್ನಿಗೆ 300 ರೂಪಾಯಿ ಇದ್ದ ಬೇವಿನ ಬೀಜ 3000-4000ಕ್ಕೆ ಏರಿತು ಎಂದು ಆಗಿನ ಹೋರಾಟಗಾರರು ಲೆಕ್ಕ ಕೊಟ್ಟರು. ಬೀಜ ಆಯುವವರಿಗೆ ನಾಲ್ಕು ಕಾಸು ಹೆಚ್ಚು ಬಂದರೆ ನಮಗೇನು ಸಂಕಟ? ಸಂಕಟ ಇಲ್ಲ. ಆದರೆ ಅದೇ ಬೀಜದ ಎಣ್ಣೆ, ಹಿಂಡಿ ಕೊಳ್ಳುವವನೂ ರೈತನೇ. ಕಚ್ಚಾ ಮಾಲು ಮಾತ್ರ ನಮ್ಮದು, ಅದರಿಂದ ತಯಾರಾಗುವ ವಸ್ತುವಿನ ಮೇಲೆ ಹಕ್ಕು ಬೇರೆಯವರದು ಎಂದಾದರೆ ಮಾರುವಾಗ ಅವರು ಹೇಳಿದ ಬೆಲೆ, ಕೊಳ್ಳುವಾಗಲೂ ಅವರು ಹೇಳಿದ ಬೆಲೆ. ಮೂಲ ಪ್ರಶ್ನೆ ಇರುವುದು ಇಲ್ಲಿ: ಅವರ ಹಕ್ಕು ಎಲ್ಲಿಂದ ಎಲ್ಲಿಯ ತನಕ?

ಬೇವಿನ ಮರವನ್ನೇ ಬರೆಸಿಕೊಂಡುಬಿಟ್ಟರು ಎಂದು ಆಗ ಹಲವರು ಭಾಷಣ ಮಾಡಿದರು. ಹಾಗಲ್ಲ. ಮರವನ್ನು ಯಾರೂ ಬರೆಸಿಕೊಳ್ಳಲಿಲ್ಲ. ಅಮೆರಿಕದ ಪೇಟೆಂಟು ಅಮೆರಿಕದೊಳಗೆ ನಡೆಯುತ್ತದೆ, ಯುರೋಪಿನದು ಅದು ಜಾರಿಯಲ್ಲಿರುವ ಯುರೋಪಿನ ದೇಶಗಳಲ್ಲಿ. ನಮ್ಮ ಹೊಲದಲ್ಲಿ ನಾವು ಬೇವಿನ ಕಷಾಯ ಹೊಡೆದರೆ ಯಾರೂ ಕೇಳುವಂತಿರಲಿಲ್ಲ. ವಿಷಯ ಸರಿಯಾಗಿ ತಿಳಿದು ಜಗಳ ಆಡಬೇಕು. ಇಲ್ಲದಿದ್ದರೆ ಎದುರಾಳಿಯ ವಕೀಲ ಮೊದಲ ಮಾತಿಗೇ ನಮ್ಮನ್ನು ಸುಳ್ಳುಗಾರರನ್ನಾಗಿ ಮಾಡುತ್ತಾನೆ.

ಪೇಟೆಂಟು ಎಂದರೆ ಏನು? ಹೊಸದೊಂದನ್ನು ಕಂಡುಹಿಡಿದವನಿಗೆ 20 ವರ್ಷ ಕಾಲ ಸರ್ಕಾರ ಕೊಡುವ ಏಕಸ್ವಾಮ್ಯ. ಅದಕ್ಕೆ ಬದಲಾಗಿ ಅವನು ತನ್ನ ವಿದ್ಯೆಯನ್ನು ಎಲ್ಲರಿಗೂ ತಿಳಿಯುವಂತೆ ಬರೆದುಕೊಡಬೇಕು. ಬರೆದುಕೊಟ್ಟ ಆ ಪತ್ರದ ಕೊನೆಯಲ್ಲಿ, ಇಷ್ಟು ನನ್ನದು ಎಂದು ಒಂದು, ಎರಡು, ಮೂರು ಅಂತ ನಂಬರು ಹಾಕಿ ಬರೆಯುತ್ತಾನೆ. ಅವಕ್ಕೆ ಕ್ಲೇಮು ಎನ್ನುತ್ತಾರೆ. ನಮ್ಮ ಕ್ರಯಪತ್ರದ ಕೊನೆಯಲ್ಲಿ ಷೆಡ್ಯೂಲು, ಚಕ್ಕುಬಂದಿ ಇರುತ್ತದಲ್ಲ, ಹಾಗೆ. ಪತ್ರದಲ್ಲಿ ಎಷ್ಟು ಕಥೆ ಬರೆದಿದ್ದರೂ ಜಮೀನು ಎಲ್ಲಿಗೆ ನಿಲ್ಲುತ್ತದೆ ಎಂದು ಹೇಳುವುದು ಚಕ್ಕುಬಂದಿ. ಪೇಟೆಂಟು ಎಲ್ಲಿಗೆ ನಿಲ್ಲುತ್ತದೆ ಎಂದು ಹೇಳುವುದು ಕ್ಲೇಮು. ಅದರಾಚೆ ಇರುವುದೆಲ್ಲ ಗೋಮಾಳ, ಯಾರು ಬೇಕಾದರೂ ಮೇಯಿಸಬಹುದು.

ಚಕ್ಕುಬಂದಿ ಸಡಿಲ ಬರೆದರೆ ಏನಾಗುತ್ತದೆ ಎಂದು ನಿಮಗೆ ಬೇರೆಯವರು ಹೇಳಬೇಕಾಗಿಲ್ಲ. "ಪಶ್ಚಿಮಕ್ಕೆ ಹಳ್ಳ" ಎಂದು ತಾತ ಬರೆಸಿರುತ್ತಾನೆ. ಎರಡು ಮಳೆಗೆ ಹಳ್ಳ ದಿಕ್ಕು ಬದಲಿಸಿರುತ್ತದೆ. "ದಕ್ಷಿಣಕ್ಕೆ ಹುಣಸೆ ಮರ" ಅಂದಿರುತ್ತದೆ. ಮರ ಕಡಿದು ಮೂವತ್ತು ವರ್ಷ ಆಗಿರುತ್ತದೆ. ಎರಡು ಗುಂಟೆ ಜಾಗಕ್ಕೆ ಎರಡು ತಲೆಮಾರು ಕೋರ್ಟಿಗೆ ಅಲೆದು ಎರಡು ಎಕರೆ ಮಾರಿದ ಮನೆಗಳು ಯಾವ ಹೋಬಳಿಯಲ್ಲಿಲ್ಲ ಹೇಳಿ?

ಈಗ ಬೇವಿನ ಇನ್ನೊಂದು ಪೇಟೆಂಟಿನ ಚಕ್ಕುಬಂದಿ ನೋಡೋಣ. ಗ್ರೇಸ್ ಕಂಪನಿ ಮತ್ತು ಅಮೆರಿಕದ ಕೃಷಿ ಇಲಾಖೆ ಸೇರಿ 1994ರಲ್ಲಿ ಯುರೋಪಿನ ಪೇಟೆಂಟ್ ಕಚೇರಿಯಿಂದ ಪಡೆದದ್ದು, ನಂಬರು 436257. ಬೇವಿನೆಣ್ಣೆಯಿಂದ ಗಿಡಗಳ ಬೂಷ್ಟು ರೋಗ ತಡೆಯುವ ವಿಧಾನ. ಮೊದಲ ಕ್ಲೇಮಿನ ತಿರುಳು ಇಷ್ಟು: ಬೇವಿನೆಣ್ಣೆ ನೂರಕ್ಕೆ 0.1ರಿಂದ 10 ಭಾಗ. ಆ ಎಣ್ಣೆಯಲ್ಲಿ ಅಜಾಡಿರಕ್ಟಿನ್ "ಬಹುಮಟ್ಟಿಗೆ" ಇರಬಾರದು. ಎಣ್ಣೆ ನೀರಿಗೆ ಬೆರೆಯಲು ಹಾಕುವ ಸೋಪಿನಂಥ ಪದಾರ್ಥ 0.005ರಿಂದ 5 ಭಾಗ. ನೀರು 0ಯಿಂದ 99 ಭಾಗ.

ಇನ್ನೊಂದು ಸಲ ಓದಿ. ಎಣ್ಣೆಯ ಅಳತೆಯಲ್ಲಿ ಕೆಳಗಿನದಕ್ಕೂ ಮೇಲಿನದಕ್ಕೂ ನೂರು ಪಟ್ಟು ಅಂತರ. ಸೋಪಿನ ಅಳತೆಯಲ್ಲಿ ಸಾವಿರ ಪಟ್ಟು. ನೀರು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಇದೆಲ್ಲ ಅಗಲವಾದ ಬೇಲಿ, ಆದರೂ ಗೂಟ ಎಲ್ಲಿದೆ ಎಂದು ಕಾಣುತ್ತದೆ. ಆದರೆ "ಬಹುಮಟ್ಟಿಗೆ ಇಲ್ಲದ" ಎಂದರೆ ಎಷ್ಟು? ನೂರಕ್ಕೆ ಒಂದೆ? ಸಾವಿರಕ್ಕೆ ಒಂದೆ? ಅಲ್ಲಿ ಗೂಟವೇ ಇಲ್ಲ. ಗಾಣದ ಎಣ್ಣೆಯಲ್ಲಿ ಆ ಅಂಶ ಅಲ್ಪಸ್ವಲ್ಪ ಉಳಿದಿದ್ದರೆ ಅದು ಬೇಲಿಯ ಒಳಗೋ ಹೊರಗೋ? ಕೇಸು ಹಾಕುವ ದಿನ ಪೇಟೆಂಟುದಾರ ಒಳಗೆ ಎನ್ನುತ್ತಾನೆ, ಎದುರಾಳಿ ಹೊರಗೆ ಎನ್ನುತ್ತಾನೆ.

ಆ ಪೇಟೆಂಟಿಗೆ 1995ರಲ್ಲಿ ತಕರಾರು ಬಿತ್ತು. ತಕರಾರು ಹಾಕಿದವರು ನಮ್ಮ ದೇಶದ ವಂದನಾ ಶಿವ, ಯುರೋಪಿನ ಸಂಸತ್ತಿನ ಹಸಿರು ಗುಂಪಿನ ಮಗ್ದಾ ಆಲ್ವೂಟ್, ಸಾವಯವ ಕೃಷಿಕರ ಅಂತರರಾಷ್ಟ್ರೀಯ ಒಕ್ಕೂಟ. ಮಹಾರಾಷ್ಟ್ರದ ಅಭಯ ಫಡಕೆ ಎಂಬುವರು 1985, 1986ರಲ್ಲೇ ಅಲ್ಲಿನ ಹೊಲಗಳಲ್ಲಿ ಬೇವಿನೆಣ್ಣೆಯ ಪ್ರಯೋಗ ನಡೆಸಿದ್ದನ್ನು ಸಾಕ್ಷ್ಯವಾಗಿ ಮುಂದಿಟ್ಟರು. 2000ದ ಮೇ 10ರಂದು ಮ್ಯೂನಿಕ್ ನಗರದಲ್ಲಿ ಪೇಟೆಂಟು ರದ್ದಾಯಿತು. ಕಂಪನಿ ಮೇಲ್ಮನವಿಗೆ ಹೋಯಿತು. 2005ರ ಮಾರ್ಚ್ 8ರಂದು ಅದೂ ವಜಾ. ಕೊಟ್ಟ ದಿನದಿಂದ ಪೂರ್ತಿ ತೆಗೆಯುವ ದಿನಕ್ಕೆ ಹನ್ನೊಂದು ವರ್ಷದ ಹತ್ತಿರ.

ಗೆದ್ದದ್ದಕ್ಕೆ ಸಂತೋಷ ಪಡೋಣ, ಆದರೆ ಯಾವ ಕಾರಣಕ್ಕೆ ಗೆದ್ದೆವು ಅಂತಲೂ ನೋಡೋಣ. ಅದು ಬಿದ್ದದ್ದು ಮೊದಲೇ ಗೊತ್ತಿದ್ದ ವಿದ್ಯೆ, ಇದರಲ್ಲಿ ಹೊಸ ಶೋಧ ಇಲ್ಲ ಎಂಬ ಕಾರಣಕ್ಕೆ. "ಬಹುಮಟ್ಟಿಗೆ" ಎಂಬ ಸಡಿಲ ಮಾತಿನ ಕಾರಣಕ್ಕೆ ಅಲ್ಲ. ಯುರೋಪಿನ ಕಾನೂನಿನಲ್ಲಿ ಕ್ಲೇಮಿನ ಮಾತು ಸ್ಪಷ್ಟವಾಗಿರಬೇಕು ಎಂಬ ನಿಯಮವೇನೋ ಇದೆ. ಆದರೆ ಅದನ್ನು ಪೇಟೆಂಟು ಕೊಡುವ ಮುಂಚೆ ಕಚೇರಿಯವರೇ ನೋಡಬೇಕು. ಕೊಟ್ಟ ಮೇಲೆ, ಮಾತು ಅಸ್ಪಷ್ಟ ಎಂಬ ಒಂದೇ ಕಾರಣ ಹಿಡಿದು ತಕರಾರು ಹಾಕಲು ಅಲ್ಲಿ ಬರುವುದಿಲ್ಲ. ಫಡಕೆಯವರಂಥ ತಾರೀಖು ಇದ್ದ ಸಾಕ್ಷಿ ಸಿಗದೆ ಹೋಗಿದ್ದರೆ?

ಹಾಗಾದರೆ ಮಾತು ಅಸ್ಪಷ್ಟ ಇದ್ದಾಗ ಕೋರ್ಟುಗಳು ಏನು ಮಾಡುತ್ತವೆ? ನಮ್ಮ ಜಮೀನಿನ ತಕರಾರಿಗೆ ಒಂದು ರೂಢಿ ಇದೆ. ಪತ್ರದಲ್ಲಿ ಬರೆದ ವಿಸ್ತೀರ್ಣಕ್ಕೂ ಚಕ್ಕುಬಂದಿಗೂ ತಾಳೆ ಬರದಿದ್ದರೆ ಸಾಮಾನ್ಯವಾಗಿ ಚಕ್ಕುಬಂದಿಗೆ ಬೆಲೆ. ಅದೂ ಸಾಲದಿದ್ದರೆ ಸರ್ವೆಯವರು ಬಂದು ಹದ್ದುಬಸ್ತು ಮಾಡಬೇಕು. ಪೇಟೆಂಟಿಗೆ ಚೈನು ಹಿಡಿಯುವ ಸರ್ವೆಯರ್ ಇಲ್ಲ. ಅಲ್ಲಿ ಮಾತೇ ಕಲ್ಲು, ಮಾತೇ ಬದು.

ಇಂಗ್ಲೆಂಡಿನಲ್ಲಿ ಒಂದು ಪ್ರಸಿದ್ಧ ಕೇಸು ನಡೆಯಿತು. ಬಾಗಿಲ ಮೇಲೆ ಗೋಡೆ ಹೊರುವ ಲಿಂಟ್ಲು ಗೊತ್ತಲ್ಲ, ಅದನ್ನು ಕ್ಯಾಟ್‌ನಿಕ್ ಎಂಬ ಕಂಪನಿ ಉಕ್ಕಿನಲ್ಲಿ ಮಾಡಿ ಪೇಟೆಂಟು ಪಡೆದಿತ್ತು. ಕ್ಲೇಮಿನಲ್ಲಿ ಹಿಂದಿನ ಪಟ್ಟಿ "ಲಂಬವಾಗಿ" ನಿಲ್ಲುತ್ತದೆ ಎಂದು ಬರೆದಿದ್ದರು. ಎದುರಾಳಿ ಆ ಪಟ್ಟಿಯನ್ನು 6 ಡಿಗ್ರಿ, ಇನ್ನೊಂದರಲ್ಲಿ 8 ಡಿಗ್ರಿ ವಾಲಿಸಿ ಮಾಡಿದ. ಲಂಬ ಅಂದರೆ ಲಂಬ, ನನ್ನದು ವಾರೆ, ಆದ್ದರಿಂದ ಬೇಲಿಯ ಹೊರಗೆ ಎಂದು ವಾದಿಸಿದ. ಅಲ್ಲಿನ ಅತ್ಯುನ್ನತ ನ್ಯಾಯಪೀಠ ಒಪ್ಪಲಿಲ್ಲ. ಲಾರ್ಡ್ ಡಿಪ್ಲಾಕ್ ಅವರು ಹೇಳಿದ್ದರ ಸಾರಾಂಶ ಇದು: ಮಾತನ್ನು ನಿಘಂಟು ಹಿಡಿದು ಓದಬಾರದು, ಆ ಕಸುಬು ಬಲ್ಲವನು ಹೇಗೆ ಅರ್ಥ ಮಾಡಿಕೊಳ್ಳುತ್ತಾನೋ ಹಾಗೆ ಓದಬೇಕು. ಗಾರೆ ಕೆಲಸದವನಿಗೆ ಗೋಡೆ ಹೊರಲು ಬೇಕಾದಷ್ಟು ನೆಟ್ಟಗಿದ್ದರೆ ಅದೂ ಲಂಬವೇ.

ಅಮೆರಿಕದಲ್ಲಿ ಮಾರ್ಕ್‌ಮನ್ ಎಂಬ ಕೇಸು, 1996. ಬಟ್ಟೆ ಒಗೆಯುವ ಅಂಗಡಿಯ ಲೆಕ್ಕದ ಯಂತ್ರದ ಪೇಟೆಂಟು. ಕ್ಲೇಮಿನಲ್ಲಿ ಇದ್ದ ಮಾತು "ದಾಸ್ತಾನು". ದಾಸ್ತಾನು ಎಂದರೆ ಒಗೆಯಲು ಬಂದ ಬಟ್ಟೆಯೂ ಸೇರಿಯೋ, ಬರೀ ಹಣದ ಲೆಕ್ಕ ಇಟ್ಟರೂ ಸಾಕೋ? ಆ ಒಂದು ಮಾತಿಗೆ ಸುಪ್ರೀಂ ಕೋರ್ಟಿನ ತನಕ ಹೋದರು. ಕ್ಲೇಮಿನ ಅರ್ಥ ಹೇಳುವ ಕೆಲಸ ನ್ಯಾಯಾಧೀಶರದು, ಪಂಚರಂತೆ ಕೂತ ಜ್ಯೂರಿಯದಲ್ಲ ಎಂದು ತೀರ್ಮಾನವಾಯಿತು. 2014ರಲ್ಲಿ ಅದೇ ಕೋರ್ಟು ಇನ್ನೊಂದು ನಿಯಮ ಹೇಳಿತು: ಕಸುಬು ಬಲ್ಲವನಿಗೆ ಬೇಲಿ ಎಲ್ಲಿದೆ ಎಂದು ಸಾಕಷ್ಟು ಖಚಿತವಾಗಿ ತಿಳಿಯದಿದ್ದರೆ ಆ ಕ್ಲೇಮು ಊರ್ಜಿತವಲ್ಲ. ನಿಯಮ ಬಿಗಿಯಾಯಿತು ನಿಜ. ಆದರೆ ಅದೇ ಕೇಸು ಕೆಳಗಿನ ಕೋರ್ಟಿಗೆ ವಾಪಸ್ಸು ಹೋದಾಗ, 2015ರಲ್ಲಿ, ಈ ಮಾತು ಸಾಕಷ್ಟು ಖಚಿತವಾಗಿಯೇ ಇದೆ ಎಂದು ಕ್ಲೇಮನ್ನು ಉಳಿಸಿದರು. ನಿಯಮ ಬಿಗಿ ಮಾಡಿದರೆ ಸಾಲದು, ಅದನ್ನು ಬಿಗಿಯಾಗಿ ನಡೆಸುವವರೂ ಬೇಕು.

ಕಸುಬು ಬಲ್ಲವನ ಕಣ್ಣಿನಿಂದ ಓದಬೇಕು ಎಂಬುದು ನ್ಯಾಯವಾದ ಮಾತು, ನಾವು ಒಪ್ಪುತ್ತೇವೆ. ಆದರೆ ಕ್ಯಾಟ್‌ನಿಕ್ ಕೇಸಿನಲ್ಲಿ ಸಡಿಲವಾಗಿ ಓದಿದ್ದರ ಲಾಭ ಯಾರಿಗೆ ಹೋಯಿತು ನೋಡಿ. ಪೇಟೆಂಟುದಾರನಿಗೆ. ಬೇಲಿ ಇನ್ನಷ್ಟು ಹೊರಗೆ ಸರಿಯಿತು. ಬೇವು, ಬೀಜ, ಗೊಬ್ಬರದ ವಿಷಯದಲ್ಲಿ ಕಸುಬು ಬಲ್ಲವನು ಯಾರು? ಕಂಪನಿಯ ಪ್ರಯೋಗಶಾಲೆಯವನು ಮಾತ್ರವೇ? ಗಾಣ ಆಡಿಸುವವನು, ನಲವತ್ತು ವರ್ಷ ತೋಟ ಮಾಡಿದವನು ಆ ಲೆಕ್ಕಕ್ಕೆ ಬರುವುದಿಲ್ಲವೇ? ಕೋರ್ಟಿನಲ್ಲಿ ತಜ್ಞ ಎಂದು ಕಟಕಟೆ ಹತ್ತಲು ನಮ್ಮವರಿಗೂ ಜಾಗ ಬೇಕು.

ಇನ್ನು ನಮ್ಮ ದೇಶದ ಕಾನೂನು. 1970ರ ಪೇಟೆಂಟ್ ಕಾಯ್ದೆ 1972ರ ಏಪ್ರಿಲ್ 20ರಂದು ಜಾರಿಗೆ ಬಂತು. ಆಗ ಔಷಧ, ಆಹಾರ ವಸ್ತುಗಳ ಮೇಲೆ ಪೇಟೆಂಟು ಕೊಡುತ್ತಿರಲಿಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದ ಮೇಲೆ ತಿದ್ದುಪಡಿ ಆಗಿ 2005ರ ಜನವರಿ 1ರಿಂದ ವಸ್ತುಗಳಿಗೂ ಬಂತು. ಆದರೂ 3ನೇ ಕಲಮು ಉಳಿದಿದೆ. ಅದರ ಪ್ರಕಾರ ವ್ಯವಸಾಯದ ವಿಧಾನಕ್ಕೆ ಪೇಟೆಂಟಿಲ್ಲ, ಗಿಡಕ್ಕೆ, ಬೀಜಕ್ಕೆ, ತಳಿಗೆ ಇಲ್ಲ, ಪಾರಂಪರಿಕ ವಿದ್ಯೆಗೆ ಇಲ್ಲ. 10ನೇ ಕಲಮು ಕ್ಲೇಮುಗಳು ಸ್ಪಷ್ಟವಾಗಿ, ಚುಟುಕಾಗಿ ಇರಬೇಕು ಎನ್ನುತ್ತದೆ. 64ನೇ ಕಲಮು, ಕ್ಲೇಮಿನ ವ್ಯಾಪ್ತಿ ಸ್ಪಷ್ಟವಾಗಿ ಗುರುತಿಸಿಲ್ಲದಿದ್ದರೆ ಪೇಟೆಂಟು ರದ್ದು ಮಾಡಬಹುದು ಎನ್ನುತ್ತದೆ. ಕಾಗದದ ಮೇಲೆ ನಮ್ಮ ಕಾಯ್ದೆ ಯುರೋಪಿನದಕ್ಕಿಂತ ಮೇಲು.

ಆದರೆ ತೊಡಕು ಎಲ್ಲಿದೆ ನೋಡಿ. 64ನೇ ಕಲಮಿನ ದಾವಾ ಈಗ ನಡೆಯುವುದು ಹೈಕೋರ್ಟಿನಲ್ಲಿ. ಅದಕ್ಕಿದ್ದ ಪ್ರತ್ಯೇಕ ಮೇಲ್ಮನವಿ ಮಂಡಳಿಯನ್ನು 2021ರಲ್ಲಿ ತೆಗೆದುಹಾಕಿದರು. ಪೇಟೆಂಟ್ ಕಚೇರಿಯಲ್ಲೇ, ಕಡಿಮೆ ಖರ್ಚಿನಲ್ಲಿ ತಕರಾರು ಹಾಕಲು ಇರುವುದು 25ನೇ ಕಲಮು. ಅಲ್ಲಿ ಕೊಟ್ಟಿರುವ ಕಾರಣಗಳ ಪಟ್ಟಿಯಲ್ಲಿ ಶೋಧದ ವಿವರಣೆ ಸ್ಪಷ್ಟವಿಲ್ಲ ಎಂಬುದಿದೆ. ಕ್ಲೇಮಿನ ವ್ಯಾಪ್ತಿ ಸ್ಪಷ್ಟವಿಲ್ಲ ಎಂಬುದು 64ರಲ್ಲಿ ಬರೆದಂತೆ ಬಿಡಿಸಿ ಬರೆದಿಲ್ಲ. ಅಂದರೆ ಬದು ಒತ್ತುವರಿಯಾಗಿದೆ ಎಂದು ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಡಲು ಬರುವುದಿಲ್ಲ, ನೇರ ಹೈಕೋರ್ಟಿಗೆ ಹೋಗಿ ಎಂದಂತೆ. ಪೇಟೆಂಟು ಕೊಡುವ ಮುಂಚೆ ಯಾರು ಬೇಕಾದರೂ ತಕರಾರು ಹಾಕಬಹುದು ಎಂಬ ಅನುಕೂಲಕ್ಕೂ 2024ರ ನಿಯಮಗಳಲ್ಲಿ ಶುಲ್ಕ ಹಾಕಿದರು, ತಕರಾರು ವಿಚಾರಣೆಗೆ ಯೋಗ್ಯವೇ ಎಂದು ಮೊದಲು ಜರಡಿ ಹಿಡಿಯುವ ಅಧಿಕಾರವನ್ನೂ ಕಚೇರಿಗೆ ಕೊಟ್ಟರು.

ಮಾತಿನ ಜಗಳ ತೀರದಿದ್ದರೆ ಯಾರ ಗಂಟು ಹೋಗುತ್ತದೆ? ಹತ್ತಿಯ ಕಥೆ ಕೇಳಿ. ಕಾಯಿಕೊರಕಕ್ಕೆ ಎಂದು ಬಂದ ಬಿಟಿ ಹತ್ತಿಯ ಎರಡನೇ ತಳಿಯ ಹಿಂದೆ ಮಾನ್ಸಾಂಟೊ ಕಂಪನಿಯ ಭಾರತೀಯ ಪೇಟೆಂಟು ಇತ್ತು, ನಂಬರು 214436. ಅದರ 25ರಿಂದ 27ರ ತನಕದ ಕ್ಲೇಮುಗಳು ಬೀಜದೊಳಗೆ ಸೇರಿಸುವ ವಂಶವಾಹಿ ಸರಣಿಯ ಬಗ್ಗೆ. ಆ ಸರಣಿ ಬೀಜದೊಳಗೆ ಹೋಗಿ ಕೂತ ಮೇಲೆ ಅದು ಪ್ರಯೋಗಶಾಲೆಯ ವಸ್ತುವೋ, ಕಾಯ್ದೆ ಪೇಟೆಂಟು ಕೊಡಬೇಡಿ ಎಂದ ಬೀಜದ ಭಾಗವೋ? ಹೈದರಾಬಾದಿನ ನೂಜಿವೀಡು ಸೀಡ್ಸ್ ಕಂಪನಿಗೂ ಮಾನ್ಸಾಂಟೊಗೂ ಇದೇ ಜಗಳ. 2017ರಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಪೇಟೆಂಟನ್ನು ಉಳಿಸಿ ವಿಚಾರಣೆಗೆ ಇಟ್ಟಿತು. 2018ರ ಏಪ್ರಿಲ್ 11ರಂದು ವಿಭಾಗೀಯ ಪೀಠ ಈ ಕ್ಲೇಮುಗಳು ಊರ್ಜಿತವಲ್ಲ ಎಂದಿತು. 2019ರ ಜನವರಿ 8ರಂದು ಸುಪ್ರೀಂ ಕೋರ್ಟು, ಇದು ತಜ್ಞರ ಸಾಕ್ಷ್ಯ ಪಡೆದು ತೀರ್ಮಾನಿಸಬೇಕಾದ ವಿಷಯ, ಹೀಗೆ ಮೇಲಿಂದ ಮೇಲೆ ಹೇಳಲಾಗದು ಎಂದು ಮತ್ತೆ ವಿಚಾರಣೆಗೆ ಕಳಿಸಿತು. ಅದೇ ವರ್ಷ ನವೆಂಬರಿನಲ್ಲಿ ಪೇಟೆಂಟಿನ 20 ವರ್ಷ ಮುಗಿಯಿತು. 2021ರಲ್ಲಿ ಎರಡೂ ಕಂಪನಿ ರಾಜಿಯಾದವು.

ಮಾತಿನ ಅರ್ಥ ಕೊನೆಗೂ ತೀರ್ಮಾನವಾಗಲೇ ಇಲ್ಲ. ಅಷ್ಟು ವರ್ಷ ಪೊಟ್ಟಣಕ್ಕೆ ಹಣ ಕೊಟ್ಟವರು ಯಾರು? 2016ರಲ್ಲಿ ಕೇಂದ್ರ ಸರ್ಕಾರ ಬೆಲೆ ನಿಯಂತ್ರಣಕ್ಕೆ ತಂದಾಗ 450 ಗ್ರಾಂ ಪೊಟ್ಟಣಕ್ಕೆ 800 ರೂಪಾಯಿ, ಅದರಲ್ಲಿ ತಂತ್ರಜ್ಞಾನದ ಪಾಲು 49 ಎಂದು ಗೊತ್ತು ಮಾಡಿತು. ಮುಂದೆ ಅದು 39 ಆಯಿತು, 20 ಆಯಿತು, 2020ರಲ್ಲಿ ಸೊನ್ನೆ. ಸರ್ಕಾರ ಕೈಹಾಕುವ ಮುಂಚೆ ಆ ಪಾಲು 49ರ ಮೂರು ಪಟ್ಟಿಗಿಂತ ಹೆಚ್ಚಿತ್ತು. ಕಂಪನಿಗಳು ತಮ್ಮತಮ್ಮಲ್ಲಿ ರಾಜಿ ಮಾಡಿಕೊಂಡವು. ಹಾವೇರಿ, ರಾಯಚೂರಿನ ಹತ್ತಿ ಬೆಳೆಗಾರ ಕೊಟ್ಟ ಹಣ ಆ ರಾಜಿಯ ಲೆಕ್ಕದಲ್ಲಿ ಇರಲಿಲ್ಲ. ಎತ್ತು ಎತ್ತು ಗುದ್ದಾಡಿ ಗರಿಕೆ ಸತ್ತಿತು.

ಇದೇ ಕಾರಣಕ್ಕೆ ನಾವು ಹೇಳುವುದು: ಬರೆದವನೇ ಬರಹಕ್ಕೆ ಬಾಧ್ಯ. ವಿಮಾ ಪಾಲಿಸಿಯಲ್ಲಿ ಮಾತು ಎರಡು ಅರ್ಥಕ್ಕೆ ಎಡೆ ಕೊಟ್ಟರೆ, ಅದನ್ನು ಬರೆದ ಕಂಪನಿಯ ವಿರುದ್ಧ ಓದುವುದು ನಮ್ಮ ಕೋರ್ಟುಗಳ ರೂಢಿ. ಪೇಟೆಂಟಿನ ಕ್ಲೇಮನ್ನೂ ಬರೆಯುವವನು ಕಂಪನಿಯ ವಕೀಲನೇ. ಅವನಿಗೆ ಸಮಯ ಇತ್ತು, ಹಣ ಇತ್ತು, ತಜ್ಞರಿದ್ದರು. ಆದರೂ ಸಡಿಲ ಬರೆದರೆ ಅದರ ನಷ್ಟ ಅವನಿಗೇ ಬರಬೇಕು. ಹಾಗಾದರೆ ನಿಜವಾದ ಶೋಧಕನಿಗೆ ಅನ್ಯಾಯ ಆಗುವುದಿಲ್ಲವೇ ಎಂದು ಕೇಳಬಹುದು. ಆಗುವುದಿಲ್ಲ. ನಿಜವಾಗಿ ಕಂಡುಹಿಡಿದವನಿಗೆ ತಾನು ಕಂಡುಹಿಡಿದದ್ದು ಏನು ಎಂದು ಗೊತ್ತಿರುತ್ತದೆ. ಅಳತೆ ಹೇಳಿ ಬರೆಯಲು ಅವನಿಗೆ ಕಷ್ಟವಿಲ್ಲ.

ನಮ್ಮ ಒತ್ತಾಯ ನಾಲ್ಕು. ಒಂದು, 25ನೇ ಕಲಮಿನ ತಕರಾರಿನ ಕಾರಣಗಳಲ್ಲಿ, ಕ್ಲೇಮಿನ ವ್ಯಾಪ್ತಿ ಸ್ಪಷ್ಟವಿಲ್ಲ ಎಂಬುದನ್ನೂ ಬಿಡಿಸಿ ಸೇರಿಸಬೇಕು. ಎರಡು, ಬೇಸಾಯಕ್ಕೆ ಸಂಬಂಧಪಟ್ಟ ಅರ್ಜಿಗಳಲ್ಲಿ ಕ್ಲೇಮುಗಳ ಸಾರಾಂಶ ಕನ್ನಡದಲ್ಲಿ ಪ್ರಕಟವಾಗಬೇಕು. ಬೇಲಿ ಎಲ್ಲಿದೆ ಎಂದು ಓದಲಾಗದವನು ದಾಟಿದ ಎಂದು ದೂರುವುದು ನ್ಯಾಯವಲ್ಲ. ಮೂರು, ಬೇಸಾಯದ ವಸ್ತುಗಳ ವಿಷಯದಲ್ಲಿ ರೈತರು ಹಾಕುವ ತಕರಾರಿಗೆ ಶುಲ್ಕ ಇರಬಾರದು. ನಾಲ್ಕು, ಕ್ಲೇಮಿನ ಅರ್ಥದ ಮೇಲೆ ಜಗಳ ನಡೆಯುವ ತನಕ ಪೊಟ್ಟಣದಲ್ಲಿ ವಸೂಲಾಗುವ ಪೇಟೆಂಟಿನ ಪಾಲನ್ನು ಬೇರೆ ಖಾತೆಯಲ್ಲಿ ಇಡಬೇಕು. ಪೇಟೆಂಟು ಬಿದ್ದರೆ ಕೊಂಡವನಿಗೆ ವಾಪಸ್ಸು ಸಿಗಬೇಕು.

ಸರ್ಕಾರದ ಕೆಲಸ ಹೇಳಿದ್ದಾಯಿತು. ನಮ್ಮ ಕೆಲಸವೂ ಒಂದಿದೆ. ಬೇವಿನ ಕೇಸಿನಲ್ಲಿ ನಮ್ಮ ಕೈ ಹಿಡಿದದ್ದು, ಅಜ್ಜಿ ಕಾಲದಿಂದ ಗೊತ್ತು ಎಂಬ ಬಾಯಿಮಾತಿಗಿಂತ ಹೆಚ್ಚಾಗಿ ಇಸವಿ, ಸ್ಥಳ ಹೇಳಿ ಕೊಟ್ಟ ಸಾಕ್ಷ್ಯ. ಅರಿಶಿನದಿಂದ ಗಾಯ ಮಾಯಿಸುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಕೊಟ್ಟ ಪೇಟೆಂಟನ್ನು ನಮ್ಮ ದೇಶದ ವೈಜ್ಞಾನಿಕ ಸಂಶೋಧನಾ ಮಂಡಳಿ 1997ರಲ್ಲಿ ರದ್ದು ಮಾಡಿಸಿದ್ದೂ ಹಳೆಯ ಗ್ರಂಥ, ಹಳೆಯ ಲೇಖನ ಮುಂದಿಟ್ಟೇ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ಸಮಿತಿ ಇರಬೇಕು, ಜನರ ವಿದ್ಯೆ ಬರೆದಿಡುವ ದಾಖಲೆ ಪುಸ್ತಕ ಇರಬೇಕು. ನಿಮ್ಮ ಪಂಚಾಯಿತಿಗೆ ಹೋಗಿ ಆ ಪುಸ್ತಕ ತೋರಿಸಿ ಎಂದು ಕೇಳಿ. ಇದ್ದರೆ ಅದರಲ್ಲಿ ಏನು ಬರೆದಿದ್ದಾರೆ ಓದಿ. ತೆಂಗಿಗೆ ನೀವು ಬೆರೆಸುವ ಕಷಾಯದ ಪದಾರ್ಥ, ಅಳತೆ, ಎಷ್ಟು ದಿನಕ್ಕೆ ಒಂದು ಸಲ, ಯಾವ ಇಸವಿಯಿಂದ ಮಾಡುತ್ತಿದ್ದೀರಿ, ನೋಡಿದವರು ಯಾರು, ಎಲ್ಲ ಬರೆಸಿ. "ಸ್ವಲ್ಪ", "ಬೇಕಾದಷ್ಟು" ಎಂದು ಬರೆಸಬೇಡಿ. ಕಂಪನಿಯವರಿಗೆ ಹೇಳುವ ಬುದ್ಧಿ ನಮಗೂ ಅನ್ವಯಿಸುತ್ತದೆ. ಹಾಗೆಯೇ, ನಿಮ್ಮದೇ ಹೊಸ ಯುಕ್ತಿಯನ್ನು ಯಾರಿಗಾದರೂ ಕೊಡುವ ಮುಂಚೆ ಗ್ರಾಮಸಭೆಯಲ್ಲಿ ನಾಲ್ಕು ಜನರ ಎದುರು ತಾರೀಖು ಹಾಕಿ ಬರೆದಿಡಿ.

ಕಲ್ಲು ನೆಡದ ಬದು ವರ್ಷವರ್ಷಕ್ಕೂ ಸರಿಯುತ್ತದೆ, ಮತ್ತು ಸರಿಯುವುದು ಯಾವಾಗಲೂ ಬಲ ಇದ್ದವನು ನೇಗಿಲು ಒತ್ತಿದ ಕಡೆಗೆ. ಮುಂದಿನ ಗ್ರಾಮಸಭೆಯ ದಿನ ಗುಬ್ಬಿಯಲ್ಲಾಗಲಿ, ಕುಣಿಗಲ್ಲಿನಲ್ಲಾಗಲಿ, ತುಮಕೂರಿನ ಸುತ್ತಲ ಹಳ್ಳಿಗಳಲ್ಲಾಗಲಿ ನಮ್ಮವರು ಒಬ್ಬರಾದರೂ ಎದ್ದು ನಿಂತು ಆ ಪುಸ್ತಕ ಕೇಳಲಿ.